ಭಯ ಕಲಿಸುವ ಕೋಣೆಯ ಸೂಜಿಯಕ್ಕ

ಮಕ್ಕಳ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಎಕ್ಸ್‌ರೇ ವಿಭಾಗ ದಾಟಿ ಬಲಕ್ಕೆ ಹೊರಳಿದರೆ ಕಿಟಕಿಯಿಲ್ಲದ ಒಂದು ಸಣ್ಣ ಕೋಣೆ ಸಿಗುತ್ತದೆ. ಒಳಗೆ ಒಂದು ಕುರ್ಚಿ, ಎದುರಿಗೆ ಟಿವಿಯಷ್ಟು ದೊಡ್ಡ ಪರದೆ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು, ಬೆರಳಿಗೆ ಸುತ್ತುವ ತಂತಿ. ಇಷ್ಟೇ ಸಾಮಾನು. ಅಲ್ಲಿಗೆ ಬರುವವರೆಲ್ಲ ಮೀಸೆ ಚಿಗುರುವ, ದನಿ ಒಡೆಯುವ, ಕನ್ನಡಿ ಮುಂದೆ ಗಂಟೆಗಟ್ಟಲೆ ನಿಲ್ಲುವ ವಯಸ್ಸಿನ ಮಕ್ಕಳು. ಅಲ್ಲಿ ನಡೆಯುವ ಕೆಲಸವನ್ನು ಯಾರಿಗಾದರೂ ಥಟ್ಟನೆ ಹೇಳಿದರೆ ಹುಬ್ಬೇರಿಸುತ್ತಾರೆ. ಮೊದಲ ದಿನ ಮಕ್ಕಳಿಗೆ ಭಯ ಕಲಿಸುತ್ತಾರೆ, ಮರುದಿನ ಆ ಭಯವನ್ನು ಬಿಡಿಸುತ್ತಾರೆ, ಮೂರನೇ ದಿನ ಅದು ಬಿಟ್ಟಿದೆಯೋ ಇಲ್ಲವೋ ನೋಡುತ್ತಾರೆ. ಆ ಕೋಣೆಯ ಉಸ್ತುವಾರಿ ಒಬ್ಬ ನರ್ಸಮ್ಮನದು. ವಯಸ್ಸು ಐವತ್ತು ದಾಟಿದೆ. ಮಕ್ಕಳು ಆಕೆಯನ್ನು ಸೂಜಿಯಕ್ಕ ಅನ್ನುತ್ತಾರೆ. ಎಳೆಯ ವಯಸ್ಸಿನಲ್ಲಿ ವಾರ್ಡಿನ ಯಾವುದೋ ತುಂಟ ಇಟ್ಟ ಹೆಸರು. ತಲೆ ನರೆತರೂ ಅಕ್ಕ ಅಜ್ಜಿಯಾಗಲಿಲ್ಲ.

ಸೂಜಿಯಕ್ಕನಿಗೆ ಈ ಕೆಲಸ ಒಗ್ಗಿದ್ದು ಸುಮ್ಮನೆ ಅಲ್ಲ. ಭಯ ಅನ್ನೋದು ಮನುಷ್ಯನ ಮೈಯೊಳಗೆ ಹೇಗೆ ಬಾಡಿಗೆ ಕೊಡದೆ ಮನೆ ಮಾಡಿಕೊಳ್ಳುತ್ತದೆ ಎಂಬುದು ಆಕೆಗೆ ಹದಿಮೂರನೇ ವಯಸ್ಸಿಗೇ ತಿಳಿದಿತ್ತು.

ಅವರಪ್ಪ ಕ್ರೇನ್ ನಡೆಸುತ್ತಿದ್ದವರು. ಒಂದು ಸಂಜೆ ಅಮ್ಮ ಬಟ್ಟೆ ಒಣಹಾಕಲು ಮೇಲೆ ಹೋಗಿದ್ದಾಗ ಮನೆಯ ಫೋನು ಹೊಡೆದುಕೊಂಡಿತು. ಹುಡುಗಿ ಓಡಿಬಂದು ಎತ್ತಿಕೊಂಡಳು. ಆ ಕಡೆ ಯಾವುದೋ ಗಂಡು ದನಿ, ಮನೆಯಲ್ಲಿ ದೊಡ್ಡವರು ಯಾರಾದರೂ ಇದ್ದಾರಾ ಅಂತ ಕೇಳಿತು. ಆ ದನಿಯಲ್ಲಿದ್ದ ನಡುಕವೇ ಮುಂದಿನದನ್ನೆಲ್ಲ ಹೇಳಿಬಿಟ್ಟಿತು. ಅಪ್ಪ ಆ ಸಂಜೆ ಮನೆಗೆ ಬರಲಿಲ್ಲ, ಮತ್ತೆಂದೂ ಬರಲಿಲ್ಲ.

ಅಲ್ಲಿಂದ ಮುಂದೆ ಫೋನು ಹೊಡೆದರೆ ಸಾಕು, ಹುಡುಗಿಯ ಅಂಗೈ ಬೆವರುತ್ತಿತ್ತು. ಆಮೇಲಾಮೇಲೆ ಫೋನೇ ಆಗಬೇಕೆಂದೂ ಇರಲಿಲ್ಲ. ಶಾಲೆಯ ಗಂಟೆ, ದಾರಿಯಲ್ಲಿ ಹೋಗುವ ಸೈಕಲ್ಲಿನ ಗಂಟೆ, ಪಕ್ಕದ ಮನೆಯವರ ಬಾಗಿಲ ಗಂಟೆ. ಹಾವು ಕಂಡವನಿಗೆ ಹಗ್ಗವೂ ಹಾವೇ. ಒಮ್ಮೆ ಶಾಲೆಯಲ್ಲಿ ಗಂಟೆ ಬಾರಿಸಿದಾಗ ಮೇಜಿನ ಕೆಳಗೆ ಹೊಕ್ಕುಬಿಟ್ಟಳು. ಮಕ್ಕಳು ನಕ್ಕರು, ಟೀಚರು ನಾಟಕ ಸಾಕು ಅಂದರು. ಅಮ್ಮ ಮಗಳ ಸಂಕಟ ನೋಡಲಾರದೆ ಮೊದಲು ಫೋನಿಗೆ ದಪ್ಪ ಟವೆಲ್ ಸುತ್ತಿಟ್ಟರು, ಆಮೇಲೆ ಅದನ್ನು ಕಿತ್ತೇ ಹಾಕಿಸಿದರು. ಮನೆ ತಣ್ಣಗಾಯಿತು. ಹುಡುಗಿಯ ಭಯ ಮಾತ್ರ ಹಾಯಾಗಿ ಕೊಬ್ಬಿತು. ಎದುರಿಸಲು ಏನೂ ಇಲ್ಲದ ಮನೆಯಲ್ಲಿ ಭಯಕ್ಕೆ ಮೂರು ಹೊತ್ತೂ ಊಟ.

ಅಮ್ಮ ಲಾಂಡ್ರಿಯ ಕೆಲಸಕ್ಕೆ ಸೇರಬೇಕಾಗಿ ಬಂದಾಗ ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆ ಎದ್ದಿತು. ಇದ್ದದ್ದು ಒಬ್ಬಳೇ ಸೋದರತ್ತೆ. ಆಕೆ ಪೇಟೆಯ ಒಂದು ಸಂದಿಯಲ್ಲಿ ಗಡಿಯಾರ ರಿಪೇರಿ ಅಂಗಡಿ ನಡೆಸುತ್ತಿದ್ದಳು. ಇಕ್ಕಟ್ಟಾದ ಅಂಗಡಿ, ಗೋಡೆ ತುಂಬ ಗಡಿಯಾರ, ಶೆಲ್ಫಿನ ಮೇಲೆ ಸಾಲು ಸಾಲು ಅಲಾರಾಂ. ಗಂಟೆಗೆ ಹೆದರುವ ಹುಡುಗಿಯನ್ನು ಅಂಥ ಕಡೆ ಬಿಡುವುದೆಂದರೆ ನೀರಿಗೆ ಹೆದರುವವರನ್ನು ಹೊಳೆಗೆ ತಳ್ಳಿದ ಹಾಗೆ ಅಂತ ಅಮ್ಮ ಅತ್ತರು. ಬೇರೆ ದಾರಿಯಿರಲಿಲ್ಲ.

ಅತ್ತೆ ಮಾತಿನಲ್ಲಿ ಜಿಪುಣಿ. ತಬ್ಬಿಕೊಂಡು ಸಮಾಧಾನ ಹೇಳುವ ಜಾಯಮಾನದವಳೂ ಅಲ್ಲ. ಆದರೆ ರಿಪೇರಿಯಾದ ಅಲಾರಾಮನ್ನು ಪರೀಕ್ಷೆ ಮಾಡುವ ಮುಂಚೆ, "ಈಗ ಹೊಡಿಯುತ್ತೆ," ಅಂತ ಒಂದು ಮಾತು ಹೇಳುತ್ತಿದ್ದಳು. ಹುಡುಗಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅದು ಹೊಡೆಯುತ್ತಿತ್ತು, ನಿಲ್ಲುತ್ತಿತ್ತು. ಕೆಲವು ವಾರ ಹೀಗೇ ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತೆ ಒಂದು ಹಳೇ ಅಲಾರಾಮನ್ನು ಹುಡುಗಿಯ ಮುಂದೆ ದೂಡಿದಳು.

"ಕೀಲಿ ನೀನೇ ಕೊಡು. ಯಾವಾಗ ಹೊಡೀಬೇಕು ಅಂತ ನೀನೇ ಇಡು," ಅಂದಳು.

ಹುಡುಗಿ ಕೀಲಿ ತಿರುಗಿಸಿ, ಅದನ್ನೇ ದಿಟ್ಟಿಸುತ್ತ ಕೂತಳು. ಹೊಡೆಯಿತು. ಎದೆ ಝಲ್ಲೆಂದಿತು. ಅಂಗಡಿಯಲ್ಲಿ ಯಾರೂ ಸಾಯಲಿಲ್ಲ. ಮತ್ತೆ ಕೀಲಿ ಕೊಟ್ಟಳು. ಮತ್ತೆ ಯಾರೂ ಸಾಯಲಿಲ್ಲ. ಆ ಮಳೆಗಾಲ ಪೂರ್ತಿ ಅದೇ ಕೆಲಸ. ಕೊನೆಗೊಂದು ದಿನ ಅಂಗಡಿಯ ಫೋನು ಹೊಡೆದಾಗ ಅತ್ತೆಯ ಎರಡೂ ಕೈ ಒಂದು ಗೋಡೆ ಗಡಿಯಾರದ ಹೊಟ್ಟೆಯೊಳಗಿದ್ದವು, ಕಣ್ಣಿನಲ್ಲಿ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದಳು. ತಲೆ ಎತ್ತದೆಯೇ, ಎತ್ತಿಕೊಳ್ಳೇ ಅಂದಳು. ಹುಡುಗಿ ಎತ್ತಿಕೊಂಡಳು. ಯಾರೋ ತಮ್ಮ ಗಡಿಯಾರ ಆಯಿತಾ ಅಂತ ಕೇಳಿದರು. ನಾಳೆ ಬನ್ನಿ ಅಂದಳು. ಇಟ್ಟಮೇಲೆ ಮೈಯೆಲ್ಲ ಬೆವರು. ಅತ್ತೆ ಒಂದು ಮಾತೂ ಹೊಗಳಲಿಲ್ಲ. ನಾಳೆ ಅಲ್ಲ ನಾಡಿದ್ದು ಅನ್ನಬೇಕಿತ್ತು ಕಣೇ, ಇನ್ನೂ ಸ್ಪ್ರಿಂಗು ಬಂದಿಲ್ಲ ಅಂತ ಗೊಣಗಿದಳಷ್ಟೆ.

ಮುಂದೆ ಆ ಹುಡುಗಿ ನರ್ಸಿಂಗ್ ಓದಿದಳು. ಮಕ್ಕಳ ವಾರ್ಡಿಗೆ ಬಂದಳು. ರಕ್ತ ತೆಗೆಯುವುದರಲ್ಲಿ ಕೈ ಎಷ್ಟು ಹಗುರವೆಂದರೆ ನರ ಸಿಗದ ಮಗುವಿದ್ದರೆ ಬೇರೆ ವಾರ್ಡಿನವರೂ ಹೇಳಿಕಳಿಸುತ್ತಿದ್ದರು. ಆದರೆ ಮಕ್ಕಳಿಗೆ ಆಕೆ ಇಷ್ಟವಾದದ್ದು ಹಗುರ ಕೈಗಿಂತ ಹೆಚ್ಚಾಗಿ ಸುಳ್ಳಾಡದ ಬಾಯಿಗೆ. ಏನೂ ಆಗಲ್ಲ ಪುಟ್ಟಾ ಅಂತ ಹೇಳಿ ಚಕ್ಕನೆ ಚುಚ್ಚುವುದು ಆಕೆಗೆ ಆಗದು. "ನೋವಾಗುತ್ತೆ. ಇರುವೆ ಕಚ್ಚಿದ್ದಕ್ಕಿಂತ ಜಾಸ್ತಿ, ಬಾಗಿಲ ಸಂದೀಲಿ ಬೆರಳು ಸಿಕ್ಕಿದ್ದಕ್ಕಿಂತ ಕಮ್ಮಿ. ನೀನು ಹೂಂ ಅಂದಮೇಲೆ ಚುಚ್ತೀನಿ," ಅನ್ನುತ್ತಿದ್ದಳು. ಹೂಂ ಬರುವ ತನಕ ಕಾಯುತ್ತಿದ್ದಳು. ಕಾಯುವುದರಲ್ಲಿ ಆಕೆಯನ್ನು ಮೀರಿಸುವವರು ಆ ಆಸ್ಪತ್ರೆಯಲ್ಲಿ ಇನ್ನೂ ಹುಟ್ಟಿಲ್ಲ.

ಮನಸ್ಸಿನ ವಿಭಾಗದ ಡಾಕ್ಟರಮ್ಮ ತಮ್ಮ ಅಧ್ಯಯನಕ್ಕೆ ಸೂಜಿಯಕ್ಕನನ್ನೇ ಬೇಕೆಂದು ಕೇಳಿದ್ದು ಇದೇ ಕಾರಣಕ್ಕೆ. ಡಾಕ್ಟರಮ್ಮ ಆಕೆಗಿಂತ ತುಂಬ ಚಿಕ್ಕವರು, ಬಿರುಸಿನ ಮಾತಿನವರು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಇಡೀ ಕೋಣೆ ಹುಡುಕುವವರು. ಆದರೆ ಹೇಳಬೇಕಾದ್ದನ್ನು ಎಳೆ ಎಳೆಯಾಗಿ ಬಿಡಿಸಿ ಹೇಳುವ ತಾಳ್ಮೆ ಅವರಿಗಿತ್ತು. ಭಯ ಕಲಿಯುವುದು ಮೆದುಳಿಗೆ ಸಲೀಸು, ಒಂದೇ ಪಾಠ ಸಾಕು. ಇನ್ನು ಹೆದರಬೇಕಾಗಿಲ್ಲ ಅಂತ ಕಲಿಯುವುದೇ ಕಷ್ಟ. ಹರೆಯದಲ್ಲಿ, ಅದರಲ್ಲೂ ಸದಾ ಆತಂಕದಲ್ಲೇ ಇರುವ ಮಕ್ಕಳಲ್ಲಿ ಈ ಎರಡನೇ ಪಾಠ ಬೇಗ ತಲೆಗೆ ಹತ್ತುವುದಿಲ್ಲ. ಆ ಪಾಠಕ್ಕೆ ನೆರವಾಗುವ ಒಂದು ಪದಾರ್ಥವನ್ನು ಮೆದುಳು ತಾನೇ ತಯಾರಿಸಿಕೊಳ್ಳುತ್ತದೆ. ಅದು ರಕ್ತದಲ್ಲಿ ಎಷ್ಟಿದೆ, ಭಯ ಬಿಡುವುದಕ್ಕೂ ಅದಕ್ಕೂ ಎಷ್ಟು ನಂಟಿದೆ ಅಂತ ನೋಡಬೇಕು. ಹೀಗೆಲ್ಲ ವಿವರಿಸಿ ಅದರ ಹೆಸರು ಆನಂದಮೈಡ್ ಅಂದರು.

ಸೂಜಿಯಕ್ಕ ಆನಂದಾನಾ ಅಂತ ಕೇಳಿದಳು. ಹೌದು, ನಮ್ಮ ಆನಂದವೇ, ಕಂಡುಹಿಡಿದವರು ಆ ಶಬ್ದವನ್ನೇ ಎತ್ತಿಕೊಂಡು ಹೆಸರಿಟ್ಟರು ಅಂತ ಡಾಕ್ಟರಮ್ಮ ನಕ್ಕರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಸಂಗತಿ ಹೇಳಿದರು. ಗಾಂಜಾ ಸೇದಿದವರ ಮೆದುಳಿನಲ್ಲಿ ಆ ಹೊಗೆಯ ಅಂಶ ಹೋಗಿ ಕೂರುವುದೂ ಇದೇ ಪದಾರ್ಥ ಕೂರುವ ಜಾಗದಲ್ಲೇ. ಒಂದೇ ಬೀಗ, ಎರಡು ಕೀಲಿ.

ಕೆಲಸದ ಬಗೆ ಕೇಳಿದಾಗ ಮಾತ್ರ ಸೂಜಿಯಕ್ಕ ಹಿಂದೇಟು ಹಾಕಿದಳು. ಪರದೆಯ ಮೇಲೆ ಒಮ್ಮೆ ನೀಲಿ ವೃತ್ತ, ಒಮ್ಮೆ ಹಳದಿ ವೃತ್ತ. ನೀಲಿ ಬಂದಾಗ ಆಗಾಗ ಕಿವಿಗೆ ಕರ್ಕಶವಾದ ಒಂದು ಚೀರಾಟ; ಹಳದಿ ಬಂದಾಗ ಏನೂ ಇಲ್ಲ. ಸ್ವಲ್ಪ ಹೊತ್ತಿಗೇ ನೀಲಿ ಕಂಡರೆ ಬೆರಳು ಬೆವರತೊಡಗುತ್ತದೆ, ತಂತಿ ಅದನ್ನು ಅಳೆಯುತ್ತದೆ. ಮರುದಿನ ನೀಲಿ ಬರುತ್ತದೆ, ಚೀರಾಟ ಬರುವುದಿಲ್ಲ. ಮೊದಲೇ ಹೆದರಿದ ಮಕ್ಕಳನ್ನು ಮತ್ತೆ ಹೆದರಿಸುವುದಾ ಅಂತ ಆಕೆಯ ಮನಸ್ಸು ಒಪ್ಪಲಿಲ್ಲ. ತಂದೆತಾಯಿ ಒಪ್ಪಿದ ಮೇಲೂ ಮಗು ಬೇಡ ಅಂದರೆ ಬಿಟ್ಟುಬಿಡುತ್ತೇವೆ, ಕೈಯಲ್ಲೇ ನಿಲ್ಲಿಸುವ ಗುಂಡಿ ಇರುತ್ತದೆ ಅಂತ ಡಾಕ್ಟರಮ್ಮ ಹೇಳಿದರು. ಹಾಗಾದರೆ ಮೊದಲು ನಾನು ಕೂರುತ್ತೇನೆ ಅಂತ ಸೂಜಿಯಕ್ಕ ಹೆಡ್‌ಫೋನು ಹಾಕಿಕೊಂಡು ಕೂತಳು. ಎದ್ದು ಬಂದಾಗ ಮುಖ ಬಿಳಿಚಿಕೊಂಡಿತ್ತು. ಆದರೆ ಮರುದಿನವೂ ಕೂತಳು, ಮೂರನೆಯ ದಿನವೂ. ಆಮೇಲೆ ಒಪ್ಪಿಕೊಂಡಳು. ಒಂದು ರೂಢಿ ಮಾತ್ರ ತಾನೇ ಸೇರಿಸಿದಳು: ಪ್ರತಿ ಮಗುವೂ ಶುರುವಿಗೆ ಮುಂಚೆ ಆ ಗುಂಡಿಯನ್ನು ಒತ್ತಿ, ಸದ್ದು ನಿಜವಾಗಿ ನಿಲ್ಲುತ್ತದೆ ಅಂತ ತನ್ನ ಕಿವಿಯಿಂದಲೇ ಕೇಳಿ ನಂಬಬೇಕು.

ಅಧ್ಯಯನ ಶುರುವಾಗಿ ಒಂದು ವರ್ಷದ ಹೊತ್ತಿಗೆ ಅಳಿಲು ಬಂದಳು. ಅಳಿಲು ಅಂದರೆ ಹದಿನೈದು ವರ್ಷದ ಹುಡುಗಿ. ಎಲೆ ಅಲುಗಿದರೂ ಬೆಚ್ಚುತ್ತಾಳೆಂದು ಅಪ್ಪ ಮುದ್ದಿಗೆ ಇಟ್ಟ ಹೆಸರು ಅದು. ಅಪ್ಪ ನಗರ ಸಾರಿಗೆಯಲ್ಲಿ ಬಸ್ ಡ್ರೈವರು. ತಾಯಿ ಇಲ್ಲ. ಎರಡು ವರ್ಷದ ಹಿಂದೆ ಅವರ ವಸತಿ ಕಟ್ಟಡದ ಲಿಫ್ಟು ಕರೆಂಟು ಹೋಗಿ ಎರಡು ಮಹಡಿಗಳ ನಡುವೆ ನಿಂತಿತ್ತು. ಹುಡುಗಿ ಒಬ್ಬಳೇ ಒಳಗೆ. ಕತ್ತಲು, ಸೆಕೆ, ಕೂಗಿದರೆ ಯಾರಿಗೂ ಕೇಳದು. ಕೊನೆಗೆ ಬಾಗಿಲು ಮೀಟಿ ತೆಗೆದಾಗ ಅವಳ ಉಗುರುಗಳಲ್ಲಿ ರಕ್ತವಿತ್ತು. ಮೊದಲು ಲಿಫ್ಟು ಬಿಟ್ಟಳು. ಆಮೇಲೆ ಬಚ್ಚಲ ಚಿಲಕ ಹಾಕುವುದು ಬಿಟ್ಟಳು. ತರಗತಿಯ ಬಾಗಿಲು ಮುಚ್ಚಿದರೆ ಎದ್ದು ಹೊರಗೆ ಬರುತ್ತಿದ್ದಳು. ಬಸ್ಸಿನ ಬಾಗಿಲು ಬುಸ್ಸೆಂದು ಮುಚ್ಚಿಕೊಳ್ಳುವುದನ್ನು ಕೇಳಿದರೆ ಜೀವ ಬಾಯಿಗೆ ಬರುತ್ತಿತ್ತು. ಊರನ್ನೆಲ್ಲ ಹೊತ್ತು ತಿರುಗುವ ಡ್ರೈವರಿನ ಮಗಳು ಎಲ್ಲಿಗೆ ಹೋಗುವುದಿದ್ದರೂ ನಡೆದೇ ಹೋಗುತ್ತಿದ್ದಳು.

ಮೊದಲ ದಿನ ಕೋಣೆಯ ಬಾಗಿಲು ಮುಚ್ಚಲು ಬಿಡಲಿಲ್ಲ. ಸೂಜಿಯಕ್ಕ ಡಾಕ್ಟರಮ್ಮನನ್ನು ಕೇಳಿ, ಬಾಗಿಲು ಅರ್ಧ ತೆರೆದಿಟ್ಟು, ತಾನೇ ಹೊಸ್ತಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಳು. ನಾನು ಎದ್ದರೆ ತಾನೇ ಇದು ಮುಚ್ಚೋದು, ನನ್ನ ಮಂಡಿನೋವು ನೋಡಿದರೆ ಅದು ಬೇಗ ಆಗೋ ಕೆಲಸ ಅಲ್ಲ ಅಂದಳು. ಹುಡುಗಿಯ ತುಟಿಯಂಚಿನಲ್ಲಿ ಅಂದು ಮೊದಲ ಬಾರಿಗೆ ನಗು ಸುಳಿಯಿತು.

ಅಳಿಲಿನ ಮೆದುಳು ಭಯದ ಪಾಠವನ್ನು ಒಂದೇ ಏಟಿಗೆ ಕಲಿತುಬಿಟ್ಟಿತು. ನೀಲಿಗಷ್ಟೇ ಅಲ್ಲ, ಪಾಪದ ಹಳದಿಗೂ ಬೆರಳು ಬೆವರಿತು. ಮರುದಿನ ಚೀರಾಟವಿಲ್ಲದೆ ನೀಲಿ ಬಂದು ಬಂದು ಹೋದರೂ ಬೆವರು ಇಳಿಯಲಿಲ್ಲ. ಕೆಲಸ ಮುಗಿದು ತಂತಿ ಬಿಚ್ಚುವಾಗ ಹುಡುಗಿ ತನ್ನಲ್ಲಿ ಆ ಆನಂದ ಕಮ್ಮಿ ಇದೆಯಾ ಅಂತ ಕೇಳಿದಳು. ಗೊತ್ತಿಲ್ಲ ಅಂತ ಸೂಜಿಯಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು. ರಕ್ತದ ಪರೀಕ್ಷೆ ಬರುವುದು ಎಷ್ಟೋ ತಿಂಗಳ ಮೇಲೆ. ಬಂದರೂ ಎಲ್ಲರದೂ ಸೇರಿಸಿ ನೋಡುವುದೇ ಹೊರತು ಒಬ್ಬೊಬ್ಬರ ಹಣೆಬರಹ ಓದಲು ಅಲ್ಲ. ಹುಡುಗಿ ತಲೆಯಾಡಿಸಿದಳು. ಆದರೆ ಅಧ್ಯಯನಕ್ಕೆ ಸೇರಿದ ದಿನ ಡಾಕ್ಟರಮ್ಮ ಮಕ್ಕಳಿಗೂ ಹೇಳಿದ್ದ ಬೀಗ ಮತ್ತು ಎರಡು ಕೀಲಿಯ ಮಾತು ಅವಳ ತಲೆಯಲ್ಲಿ ಆಗಲೇ ಗೂಡು ಕಟ್ಟಿತ್ತು. ಮನೆಯ ಕೀಲಿ ಕಳೆದುಹೋಗಿದ್ದರೆ ಬೇರೆ ಕೀಲಿ ತಂದರಾಯಿತಲ್ಲ? ಗೆಳತಿಯ ಅಣ್ಣನೊಬ್ಬನ ಹತ್ತಿರ ಆ ಕೀಲಿ ಸಲೀಸಾಗಿ ಸಿಕ್ಕಿತು.

ಮೂರನೇ ದಿನ ಅಳಿಲು ತಡವಾಗಿ ಬಂದಳು. ಮೆಟ್ಟಿಲು ಹತ್ತಿ ಬಂದ ಏದುಸಿರು ಅಂದುಕೊಂಡು ಸೂಜಿಯಕ್ಕ ಕೂರಿಸಿದಳು. ಹತ್ತಿರ ಬಂದಾಗ ಆಕೆಯ ಮೂಗಿಗೆ ಸುಟ್ಟ ಸೊಪ್ಪಿನ ವಾಸನೆ ಬಡಿಯಿತು. ಕಣ್ಣು ನೋಡಿದಳು, ಕೆಂಡ. ಇನ್ನೂ ತಂತಿ ಸುತ್ತಿಯೇ ಇರಲಿಲ್ಲ, ಹುಡುಗಿ ಎದೆ ಹಿಡಿದುಕೊಂಡು ಎದ್ದುನಿಂತಳು. ಗೋಡೆ ಹತ್ತಿರ ಬರುತ್ತಿದೆ ಅಂದಳು, ಎದೆ ಒಡೆದುಹೋಗುತ್ತೆ ಅಂದಳು, ತಾನು ಸಾಯುತ್ತಿದ್ದೇನೆ ಅಂದಳು. ಧೈರ್ಯ ತರಲು ಸೇದಿದ ಹೊಗೆ ಭಯಕ್ಕೇ ರೆಕ್ಕೆ ಕಟ್ಟಿತ್ತು.

ಸೂಜಿಯಕ್ಕ ಮೊದಲು ಡಾಕ್ಟರಮ್ಮನನ್ನು ಕರೆಸಿದಳು. ಅವರು ಓಡಿಬಂದು ನಾಡಿ, ರಕ್ತದೊತ್ತಡ ಎಲ್ಲ ನೋಡಿ, ಪ್ರಾಣಕ್ಕೇನೂ ಅಪಾಯವಿಲ್ಲ, ಅಮಲು ಇಳಿಯುವವರೆಗೆ ಜೊತೆಗಿರಬೇಕು ಅಂದರು. ಹುಡುಗಿಯನ್ನು ದೊಡ್ಡ ಕಿಟಕಿಯಿರುವ ಪಕ್ಕದ ವಾರ್ಡಿಗೆ ಕರೆದುಕೊಂಡು ಹೋದರು. ಹುಡುಗಿ ಹಾಸಿಗೆಯ ಮೇಲೆ ಕೂರಲೊಲ್ಲದೆ ನೆಲದ ಮೇಲೆ ಕೂತಾಗ ಸೂಜಿಯಕ್ಕನೂ ಮಂಡಿನೋವನ್ನು ಲೆಕ್ಕಿಸದೆ ನೆಲದ ಮೇಲೇ ಕೂತಳು. ನೀರು ಗುಟುಕು ಗುಟುಕಾಗಿ ಕುಡಿಸಿದಳು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಇದು ಇಳಿಯುತ್ತೆ, ಇಳಿಯೋ ತನಕ ಇಲ್ಲೇ ಇರ್ತೀನಿ ಅಂತ ಅಷ್ಟೇ ಮಾತನ್ನು ಮತ್ತೆ ಮತ್ತೆ ಹೇಳಿದಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯುವ ಹೊತ್ತಿಗೆ ಹುಡುಗಿಯ ಉಸಿರು ಹದಕ್ಕೆ ಬಂತು. ಆಗ ಅಳು ಶುರುವಾಯಿತು.

"ಅಪ್ಪಂಗೆ ಹೇಳ್ಬೇಡಿ ಅಕ್ಕಾ. ಅವರು ಒಡೆದುಹೋಗ್ತಾರೆ."

"ಮುಚ್ಚಿಡ್ತೀನಿ ಅಂತ ನಾನು ಮಾತು ಕೊಡಲ್ಲ ಕಂದಾ. ಆದ್ರೆ ನಾನಾಗಿ ಮೊದಲು ಬಾಯಿ ಬಿಡಲ್ಲ. ನೀನು ಹೇಳು. ನಾನು ಪಕ್ಕದಲ್ಲೇ ಕೂತಿರ್ತೀನಿ."

ಡ್ಯೂಟಿ ಮುಗಿಸಿ ಖಾಕಿ ಬಟ್ಟೆಯಲ್ಲೇ ಬಂದ ಅಪ್ಪನಿಗೆ ಹುಡುಗಿ ತಲೆ ಬಗ್ಗಿಸಿಕೊಂಡು ತಾನೇ ಹೇಳಿದಳು. ಅಪ್ಪ ಮಗಳ ಮೇಲೆ ಕೈ ಎತ್ತಲಿಲ್ಲ. ಆದರೆ ಅವರ ಸಿಟ್ಟು ಇನ್ನೊಂದು ಕಡೆ ತಿರುಗಿತು. ದಿನವಿಡೀ ಟ್ರಾಫಿಕ್ಕಿನಲ್ಲಿ ತಡೆದಿಟ್ಟುಕೊಂಡು ರೂಢಿಯಾದ ಸಣ್ಣ ದನಿಯಲ್ಲೇ ಮಾತಾಡಿದರು.

"ನನ್ನ ಮಗಳಿಗೆ ಗಾಂಜಾ ಅನ್ನೋ ಪದ ಗೊತ್ತಿರ್ಲಿಲ್ಲ ಸಿಸ್ಟರ್. ಅದ್ರಿಂದ ಭಯ ಹೋಗುತ್ತೆ ಅನ್ನೋ ಆಸೆ ಹುಟ್ಟಿಸಿದ್ದು ನೀವು. ಭಯ ಬಿಡಿಸ್ತೀವಿ ಅಂತ ಕರ್ಕೊಂಡ್ಬಂದು ಇದನ್ನ ಕಲಿಸಿ ಕಳಿಸ್ತಿದ್ದೀರಲ್ಲ."

ಗಾಂಜಾ ಎಂಬ ಪದ ಹದಿನೈದರ ಹುಡುಗಿಗೆ ಗೊತ್ತಿರಲಿಲ್ಲ ಅನ್ನುವುದನ್ನು ಸೂಜಿಯಕ್ಕ ನಂಬಲಿಲ್ಲ. ಆದರೆ ಉಳಿದ ಮಾತಿನಲ್ಲಿ ನಿಜವಿತ್ತು, ಅದನ್ನು ಅಲ್ಲಗಳೆಯುವ ಮನಸ್ಸು ಬರಲಿಲ್ಲ. "ನಾವು ಅರ್ಧ ಹೇಳಿದ್ವಿ ಅಣ್ಣಾ," ಅಂದಳು. "ಅರ್ಧ ಹೇಳಿದ್ದು ತಪ್ಪು. ಉಳಿದರ್ಧ ಈಗ ಹೇಳ್ತೀನಿ, ಕೂತ್ಕೊಳ್ಳಿ."

ಕೂತರು. ಸೂಜಿಯಕ್ಕ ಹೇಳಿದಳು: ಮೆದುಳು ತಾನೇ ಮಾಡಿಕೊಳ್ಳುವ ಆನಂದ, ಬಾಯಾರಿದ ಗಿಡದ ಬುಡಕ್ಕೆ ಚೊಂಬಿನಲ್ಲಿ ನೀರು ಹಾಕಿದ ಹಾಗೆ. ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು. ಕೆಲಸ ಮುಗಿದ ಕೂಡಲೇ ಮೆದುಳು ಅದನ್ನು ಒರೆಸಿಹಾಕುತ್ತದೆ. ಹೊಗೆಯಲ್ಲಿ ಬರುವುದು ಕೆರೆಯ ಏರಿ ಒಡೆದ ಹಾಗೆ. ಗಿಡ, ಮನೆ, ದಾರಿ ಅನ್ನದೆ ಎಲ್ಲ ಕಡೆ ನುಗ್ಗುತ್ತದೆ, ಬೇಗ ಇಂಗುವುದಿಲ್ಲ. ನೀರು ಎರಡೂ ನೀರೇ. ಬೆಳೆಯುತ್ತಿರುವ ಮೆದುಳು ಈಗಷ್ಟೇ ನಾಟಿ ಮಾಡಿದ ಗದ್ದೆ. ಏರಿ ಒಡೆದರೆ ಸಸಿ ನಿಲ್ಲುವುದು ಕಷ್ಟ. ಬಸ್ ಡ್ರೈವರು, ಇದನ್ನ ಮೊದಲ ದಿನವೇ ಹೇಳಬಹುದಿತ್ತಲ್ಲ ಅಂದರು. ಬಾಗಿಲ ಬಳಿ ನಿಂತು ಕೇಳುತ್ತಿದ್ದ ಡಾಕ್ಟರಮ್ಮ, ಹೇಳಬೇಕಿತ್ತು, ನಾಳೆಯಿಂದ ಹೇಳುತ್ತೇವೆ ಅಂದರು. ಹೇಳಿದ ಹಾಗೇ ಮಾಡಿದರು. ನಡೆದದ್ದನ್ನು ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟಿದ್ದ ಆಸ್ಪತ್ರೆಯ ಸಮಿತಿಗೂ ತಿಳಿಸಿದರು. ಅಂದಿನಿಂದ ಹೊಸ ಮಕ್ಕಳಿಗೆ ಚೊಂಬು ಮತ್ತು ಕೆರೆಯ ಕಥೆ ಹೇಳದೆ ಆ ಕೋಣೆಯ ದೀಪ ಹಾಕಿದ್ದಿಲ್ಲ.

ಅಳಿಲು ಅಧ್ಯಯನದಿಂದ ಹೊರಬಿದ್ದಳು. ಆದರೆ ಡಾಕ್ಟರಮ್ಮ ಅವಳನ್ನು ತಮ್ಮ ಚಿಕಿತ್ಸೆಗೆ ಸೇರಿಸಿಕೊಂಡರು. ಯಾವಾಗ ಯಾವ ಹೆಜ್ಜೆ ಅಂತ ಅವರು ಗೆರೆ ಹಾಕಿಕೊಟ್ಟರೆ, ಆ ಗೆರೆಯ ಮೇಲೆ ಹುಡುಗಿಯ ಜೊತೆ ನಡೆಯುವ ಕೆಲಸ ಸೂಜಿಯಕ್ಕನ ಪಾಲಿಗೆ ಬಂತು. ಆಸ್ಪತ್ರೆಯ ಲಿಫ್ಟಿನ ಎದುರು ಒಂದು ಬೆಂಚಿತ್ತು. ಇಬ್ಬರೂ ಮೊದಲು ಅಲ್ಲಿ ಕೂತು ಲಿಫ್ಟು ಬರುವುದು ಹೋಗುವುದನ್ನು ಬರೀ ನೋಡಿದರು. ಆಮೇಲೆ ಬಾಗಿಲ ಹತ್ತಿರ ನಿಂತರು. ಆಮೇಲೆ ಲಿಫ್ಟಿನವನು ಬಾಗಿಲು ಹಿಡಿದುಕೊಂಡಿರುವಾಗ ಒಳಗೆ ಕಾಲಿಟ್ಟು ಹೊರಬಂದರು. ಲಿಫ್ಟಿನವನಿಗೆ ಇದೊಂದು ತಮಾಷೆಯಾಗಿ, ಮಹಾರಾಣಿಯವರು ಇವತ್ತು ಒಳಗೆ ಬರ್ತಾರೋ ಹೇಗೆ ಅಂತ ಕೇಳುತ್ತಿದ್ದ. ಬಾಗಿಲು ಮುಚ್ಚಿಕೊಂಡು ಒಂದು ಮಹಡಿ ಇಳಿದ ದಿನ ಹುಡುಗಿಯ ಉಗುರು ಸೂಜಿಯಕ್ಕನ ಮುಂಗೈಯಲ್ಲಿ ಅಚ್ಚೊತ್ತಿತ್ತು. ಕೆಳಗೆ ಬಾಗಿಲು ತೆರೆದಾಗ, ಏನೂ ಆಗ್ಲಿಲ್ಲ ಅಂತ ಹುಡುಗಿಯೇ ಪಿಸುಗುಟ್ಟಿದಳು. ಆ ಮಾತನ್ನು ತಾನು ಹೇಳದೆ ಅವಳ ಬಾಯಿಂದ ಬರಲೆಂದೇ ಸೂಜಿಯಕ್ಕ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತು. ಒಂದು ದಿನ ಲಿಫ್ಟು ಇಳಿಯುತ್ತಿರುವಾಗ ಕರೆಂಟು ಕಣ್ಣು ಮಿಟುಕಿಸಿತು. ದೀಪ ಆರಿ, ಲಿಫ್ಟು ಜಗ್ಗಿ, ಮತ್ತೆ ದೀಪ ಹತ್ತಿತು. ಕಣ್ಣೆವೆ ಬಡಿಯುವಷ್ಟು ಹೊತ್ತು. ಅಷ್ಟು ಸಾಕಾಯಿತು. ಬಾಗಿಲು ತೆರೆದದ್ದೇ ಹುಡುಗಿ ಕಾಲಿಗೆ ಬುದ್ಧಿ ಹೇಳಿದಳು. ಅದರ ಮರುವಾರ ಬರಲಿಲ್ಲ, ಅದರಾಚೆ ವಾರವೂ ಬರಲಿಲ್ಲ. ಫೋನು ಮಾಡಿದರೆ ಅಪ್ಪನೇ ಎತ್ತಿ, ಮತ್ತೆ ಬಚ್ಚಲ ಬಾಗಿಲು ತೆರೆದಿಟ್ಟೇ ಸ್ನಾನ ಮಾಡುತ್ತಿದ್ದಾಳೆ ಸಿಸ್ಟರ್ ಅಂದರು. ಅವರ ದನಿ ಕುಗ್ಗಿಹೋಗಿತ್ತು.

ಸೂಜಿಯಕ್ಕ ತನ್ನ ರಜೆಯ ದಿನ ಅವರ ಕಟ್ಟಡಕ್ಕೆ ಹೋದಳು. ಮನೆ ನಾಲ್ಕನೇ ಮಹಡಿಯಲ್ಲಿ. ಲಿಫ್ಟು ಇತ್ತು. ಆಕೆ ಮೆಟ್ಟಿಲು ಹತ್ತಿದಳು, ಮಂಡಿ ಹಿಡಿದು ಮಹಡಿಗೊಮ್ಮೆ ನಿಲ್ಲುತ್ತ. ಆ ಸಪ್ಪಳ ಕೇಳಿ ಹುಡುಗಿಯೇ ಕೆಳಗಿಳಿದು ಬಂದಳು. ಮೂರನೇ ಮಹಡಿಯ ತಿರುವಿನಲ್ಲಿ, ಯಾರದೋ ಹಳೇ ಸೈಕಲ್ಲು ಒರಗಿಸಿಟ್ಟಿದ್ದ ಜಾಗದಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ಎಲ್ಲಾ ದಂಡ ಆಯ್ತಲ್ಲ ಅಕ್ಕಾ," ಅಂದಳು ಹುಡುಗಿ. "ಹೋಗಿತ್ತು, ವಾಪಸ್ ಬಂತು."

"ಹೋಗಿರ್ಲಿಲ್ಲ," ಅಂದಳು ಸೂಜಿಯಕ್ಕ. "ಹೋಗುತ್ತೆ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ? ಹಳೇ ಭಯ ಅಳಿಸಿಹೋಗಲ್ಲ. ಅದರ ಪಕ್ಕದಲ್ಲಿ ಹೊಸ ನೆನಪೊಂದು ಬಂದು ಕೂರುತ್ತೆ. ಹಳೇದು ಬಾಯಿ ಮಾಡುತ್ತೆ, ಹೊಸದು ಸುಮ್ನಿರೇ ಅನ್ನುತ್ತೆ. ನಿನ್ನ ಹೊಸದು ಇನ್ನೂ ಎಳೇದು. ಅವತ್ತು ಅದರ ಮಾತು ನಡೀಲಿಲ್ಲ, ಅಷ್ಟೇ."

ಹುಡುಗಿ ನಂಬದವಳ ಹಾಗೆ ನೋಡಿದಳು. ಆಗ ಸೂಜಿಯಕ್ಕ ಆಸ್ಪತ್ರೆಯಲ್ಲಿ ಯಾರಿಗೂ ಹೇಳದಿದ್ದ ತನ್ನ ಕಥೆಯನ್ನು ಹೇಳಿದಳು. ಫೋನು, ಅಪ್ಪ, ಮೇಜಿನ ಕೆಳಗೆ ಹೊಕ್ಕದ್ದು, ಅತ್ತೆಯ ಅಲಾರಾಂಗಳು. ಹುಡುಗಿ ಕೊನೆಗೆ ಒಂದೇ ಪ್ರಶ್ನೆ ಕೇಳಿದಳು, ಈಗ ಫೋನು ಹೊಡೆದರೆ ಏನಾಗುತ್ತದೆ ಅಂತ. ಸುಳ್ಳು ಹೇಳುವುದು ಸುಲಭವಿತ್ತು.

"ಹೊಟ್ಟೇಲಿ ಒಂದು ಸಲ ಚುರುಕ್ ಅನ್ನುತ್ತೆ. ಇವತ್ತಿಗೂ. ಆಮೇಲೆ ಎತ್ತಿಕೊಂಡು ಹಲೋ ಅಂತೀನಿ."

ಹುಡುಗಿ ಸೈಕಲ್ಲಿನ ಗಾಲಿಯನ್ನು ಕಾಲಬೆರಳಿಂದ ತಿರುಗಿಸುತ್ತ ಕೂತಳು. ಅಂದು ಲಿಫ್ಟಿನ ಮಾತು ಮತ್ತೆ ಎತ್ತಲಿಲ್ಲ. ಮುಂದಿನ ವಾರ ಆಸ್ಪತ್ರೆಗೆ ಬಂದಳು. ಮತ್ತೆ ಬೆಂಚಿನಿಂದಲೇ ಶುರು. ಈ ಸಲ ಡಾಕ್ಟರಮ್ಮ ಒಂದು ಮಾರ್ಪಾಡು ಮಾಡಿದರು: ಒಂದೇ ಲಿಫ್ಟಲ್ಲ, ಬೇರೆ ಬೇರೆ ಕಡೆ, ಬೇರೆ ಬೇರೆ ಹೊತ್ತಿನಲ್ಲಿ, ಬಸ್ಸು, ಬ್ಯಾಂಕಿನ ಗಾಜಿನ ಬಾಗಿಲು, ಚಿಲಕ ಹಾಕಿದ ಬಚ್ಚಲು. ಹೊಸ ನೆನಪು ಒಂದೇ ಮೂಲೆಯಲ್ಲಿ ಬೇರು ಬಿಟ್ಟರೆ ಸಾಲದು, ಊರೆಲ್ಲ ಬಿಡಬೇಕು ಅಂದರು. ಅಪ್ಪನ ಬಸ್ಸಿನಲ್ಲಿ ಮೊದಲ ಬಾರಿಗೆ ಕೂತ ದಿನ ಹುಡುಗಿ ಡ್ರೈವರ್ ಸೀಟಿನ ಹಿಂದೆಯೇ ಕೂತಿದ್ದಳು. ಅಪ್ಪ ಪ್ರತಿ ನಿಲ್ದಾಣದಲ್ಲೂ ಬಾಗಿಲು ಮುಚ್ಚುವ ಮುಂಚೆ ಕನ್ನಡಿಯಲ್ಲಿ ಮಗಳ ಮುಖ ನೋಡುತ್ತಿದ್ದರಂತೆ. ಏನಪ್ಪಾ, ಗಾಡಿ ಓಡಿಸ್ತೀಯೋ, ಕನ್ನಡಿ ನೋಡ್ಕೊಂಡು ಸಿಂಗಾರ ಮಾಡ್ಕೋತೀಯೋ ಅಂತ ಹಿಂದಿನಿಂದ ಮುದುಕರೊಬ್ಬರು ರೇಗಿದರಂತೆ. ಈ ಕಥೆಯನ್ನು ಸೂಜಿಯಕ್ಕನಿಗೆ ಹೇಳುವಾಗ ಆ ಗಟ್ಟಿ ಮನುಷ್ಯ ನಗುನಗುತ್ತಲೇ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು.

ಅಧ್ಯಯನ ಮುಗಿಯಲು ಇನ್ನೂ ಎರಡು ವರ್ಷ ಹಿಡಿಯಿತು. ಡಾಕ್ಟರಮ್ಮ ಫಲಿತಾಂಶ ಹಿಡಿದುಕೊಂಡು ಬಂದಾಗ ಮುಖದಲ್ಲಿ ಹಬ್ಬವೂ ಇರಲಿಲ್ಲ, ಸೂತಕವೂ ಇರಲಿಲ್ಲ. ರಕ್ತದಲ್ಲಿ ಆ ಪದಾರ್ಥ ಹೆಚ್ಚಿದ್ದ ಮಕ್ಕಳು ಭಯವನ್ನು ಒಂದಿಷ್ಟು ಬೇಗ ಬಿಟ್ಟ ಹಾಗೆ ಕಾಣುತ್ತದೆ. ಆದರೆ ಅಂತರ ಸಣ್ಣದು, ಇದಕ್ಕಿಂತ ದೊಡ್ಡ ಗುಂಪಿನಲ್ಲಿ ನೋಡದೆ ಏನೂ ಹೇಳುವಂತಿಲ್ಲ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತಲ್ಲ ಸಿಸ್ಟರ್ ಅಂತ ನಿಟ್ಟುಸಿರುಬಿಟ್ಟರು. ಇಲಿ ಇತ್ತಲ್ಲ ಮೇಡಂ, ಇಲ್ಲ ಅಂತ ಆಗಿದ್ದರೆ ಆಗ ಅಳಬಹುದಿತ್ತು ಅಂದಳು ಸೂಜಿಯಕ್ಕ. ಇಬ್ಬರೂ ನಕ್ಕು, ದೊಡ್ಡ ಗುಂಪಿನ ತಯಾರಿಗೆ ಕೂತರು.

ಈಗ ಹೊಸ ಗುಂಪು ಶುರುವಾಗುವ ದಿನ ತಂದೆತಾಯಿಗಳನ್ನೂ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಮಾತಾಡುತ್ತಾರೆ. ಡಾಕ್ಟರಮ್ಮ ಹೇಳಬೇಕಾದ್ದು ಹೇಳಿದ ಮೇಲೆ ಅಳಿಲು ಎದ್ದುನಿಲ್ಲುತ್ತಾಳೆ. ಅವಳಿಗೀಗ ಹದಿನೆಂಟು, ಕಾಲೇಜಿಗೆ ಬಸ್ಸಿನಲ್ಲೇ ಹೋಗಿಬರುತ್ತಾಳೆ. ಹಿಂದೊಮ್ಮೆ ಇಲ್ಲಿ ಹೊಗೆ ಸೇದಿಕೊಂಡು ಬಂದು ನೆಲದ ಮೇಲೆ ಕೂತು ಅತ್ತವಳು ನಾನೇ ಅಂತ ಮಾತು ಶುರುಮಾಡುತ್ತಾಳೆ. ಆಮೇಲೆ ಯಾರೂ ಆಚೀಚೆ ನೋಡುವುದಿಲ್ಲ. ಅದನ್ನು ಹೇಳು ಅಂತ ಯಾರೂ ಅವಳನ್ನು ಕೇಳಿರಲಿಲ್ಲ. ತಾನೇ ಬಂದು, ಉಳಿದರ್ಧ ನಾನು ಹೇಳ್ತೀನಿ ಅಂದವಳು.

ಮೊನ್ನೆ ಒಬ್ಬ ತಾಯಿ, ಮಗನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ನಿನಗೀಗ ಪೂರ್ತಿ ವಾಸಿಯಾಗಿದೆಯಾ ಮಗಳೇ ಅಂತ ಕೇಳಿದರು. ಅಳಿಲು ಇದ್ದದ್ದನ್ನೇ ಹೇಳಿದಳು.

"ಕರೆಂಟು ಹೋದ್ರೆ ಇವತ್ತಿಗೂ ಎದೆ ಹೊಡ್ಕೊಳ್ಳುತ್ತೆ ಆಂಟಿ. ಆದ್ರೆ ಕರೆಂಟು ಬರುತ್ತೆ ಅನ್ನೋದೂ ಈಗ ಗೊತ್ತಿದೆ."

ಹಿಂದಿನ ಸಾಲಿನಲ್ಲಿ ಸೂಜಿಯಕ್ಕ ಹತ್ತಿ, ಸೂಜಿ, ಪಟ್ಟಿ ಎಲ್ಲ ಟ್ರೇಯಲ್ಲಿ ಜೋಡಿಸುತ್ತಿದ್ದಳು. ಆ ತಾಯಿಯ ಮಗ, ಮೇಲ್ತುಟಿಯ ಮೇಲೆ ಈಗಷ್ಟೇ ನೆರಳು ಮೂಡಿದ ಉದ್ದನೆಯ ಹುಡುಗ, ಆ ಟ್ರೇಯನ್ನೇ ಓರೆಗಣ್ಣಿನಿಂದ ನೋಡುತ್ತಿದ್ದ. ಆಕೆ ಅವನ ಪಕ್ಕದ ಕುರ್ಚಿಗೆ ಬಂದು ಕೂತಳು. ನೋವಾಗುತ್ತಾ ಅಂತ ಅವನು ಗಂಟಲಲ್ಲೇ ಕೇಳಿದ. ಆಗುತ್ತೆ ಅಂದಳು. ಎಷ್ಟು ಅಂತ ಹೇಳಿದಳು. ಆಮೇಲೆ ಕೋಣೆಯಲ್ಲಿ ಹೆಡ್‌ಫೋನು ಹಾಕಿಸಿ, ಸದ್ದು ನಿಲ್ಲಿಸುವ ಗುಂಡಿಯನ್ನು ಅವನ ಕೈಗೆ ಕೊಟ್ಟು, ಒತ್ತಿ ನೋಡು ಅಂತ ಹೇಳಿ, ಅವನು ಒತ್ತುವ ತನಕ ಕಾದಳು.